ಹಳೇ ಥರದ ಹೊಸ ಬಟ್ಟೆ: ಲಿಂಕನ್‌ನಿಂದ ಅವ್ವನಿಗೆ

ಲಿಂಕನ್, ನೆಬ್ರಾಸ್ಕಾ
ಫೆಬ್ರವರಿ, ಭಾನುವಾರ

ಪ್ರೀತಿಯ ಅವ್ವ, ಅಪ್ಪ,

ನಾವೆಲ್ಲ ಇಲ್ಲಿ ಆರಾಮ. ಚಳಿ ಜೋರಾಗಿದೆ, ಅಂಗಳದಲ್ಲಿ ಹಿಮ ಇನ್ನೂ ಕರಗಿಲ್ಲ. ಮಗಳ ನೆಗಡಿ ಕಡಿಮೆಯಾಯಿತು, ಚಿಂತೆ ಬೇಡ.

ಅವ್ವ, ಹೋದ ವಾರ ಫೋನಿನಲ್ಲಿ ನೀನು ಕೇಳಿದೆಯಲ್ಲ, "ರೊಕ್ಕಾ ಕೊಟ್ಟು ಹೊಸಾ ಅರಿವಿ ತಂದು, ಅದನ್ನ ಚೂರು ಮಾಡಿ, ಮತ್ತ ಕೂಡಿಸಿ ಹೊಲೀತಾರೇನು? ಅದೂ ಹಳೇದರ ಹಂಗ ಕಾಣೋ ಹೊಸಾ ಅರಿವಿ?" ಅಂತ. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ. ಸಮಾಧಾನವಾಗಿ ಬರೆಯೋಣ ಅಂತ ಕೂತಿದ್ದೇನೆ.

ಮೊದಲು ನಾನು ಹೋಗುವ ಕ್ವಿಲ್ಟ್ ಕ್ಲಬ್ಬಿನ ವಿಷಯ. ಕ್ವಿಲ್ಟ್ ಅಂದರೆ ನಮ್ಮ ಕೌದಿಯ ಹಾಗೆ ಬಟ್ಟೆಯ ಚೂರು ಕೂಡಿಸಿ ಹೊಲಿದದ್ದು. ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಕ್ವಿಲ್ಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ವರ್ಷಕ್ಕೊಮ್ಮೆ ಹಣ ಕಟ್ಟಿದರೆ ತಿಂಗಳಿಗೊಂದು ಚಿಕ್ಕ ಕ್ವಿಲ್ಟಿನ ನಕ್ಷೆ ಕೊಡುತ್ತಾರೆ. ಮುಂದಿನ ತಿಂಗಳು ಅದನ್ನು ಹೊಲಿದು ತಂದು ಎಲ್ಲರಿಗೂ ತೋರಿಸಬೇಕು. ನಕ್ಷೆ ಒಂದೇ, ಆದರೆ ಒಬ್ಬೊಬ್ಬರು ಆರಿಸುವ ಬಣ್ಣ ಬೇರೆ. ಸಾಲಾಗಿ ಹಿಡಿದು ನಿಂತಾಗ ಎಲ್ಲವೂ ಒಂದೇ ನಕ್ಷೆಯವು ಅಂತ ಹೇಳುವುದೇ ಕಷ್ಟ. ಬರುವವರಲ್ಲಿ ಜಾಸ್ತಿ ಜನ ಅರವತ್ತು ದಾಟಿದವರು. ಹೊಲದಲ್ಲೇ ಮನೆ ಮಾಡಿಕೊಂಡಿರುವ ರೈತರ ಹೆಂಡಂದಿರೂ ಇದ್ದಾರೆ. ಒಬ್ಬ ಅಜ್ಜಿ ಕಪ್ಪು ಬಣ್ಣದ ಪುಟ್ಟ ಸಿಂಗರ್ ಮಷೀನನ್ನು ಪೆಟ್ಟಿಗೆಯಲ್ಲಿಟ್ಟು ಕೈಯಲ್ಲೇ ಹಿಡಿದು ತರುತ್ತಾರೆ. ಅದಕ್ಕೆ ಫೆದರ್‌ವೇಟ್ ಅನ್ನುತ್ತಾರೆ. 1933ರಲ್ಲಿ ಶುರುವಾದ ಮಾದರಿ, ತೂಕ ಬರೀ 5 ಕೆ.ಜಿ. ನೇರ ಹೊಲಿಗೆ ಬಿಟ್ಟು ಬೇರೇನೂ ಹಾಕುವುದಿಲ್ಲ. ಈ ಕೆಲಸಕ್ಕೆ ಅಷ್ಟೇ ಸಾಕು.

ಚಿಕ್ಕದು ಅಂದರೆ ಒಂದು ಮೊಳ, ಒಂದೂವರೆ ಮೊಳ ಅಗಲ. ಹೊದೆಯಲು ಆಗುವುದಿಲ್ಲ. ಮೇಜಿನ ಮೇಲೆ ಹಾಸುತ್ತಾರೆ, ಗೋಡೆಗೆ ತೂಗುಹಾಕುತ್ತಾರೆ. ಹಾಸಿಗೆ ಅಳತೆಯದು ಹೊಲಿಯಲು ವರ್ಷವೇ ಬೇಕಾಗಬಹುದು, ಇದು ಮನೆಗೆಲಸದ ನಡುವೆಯೂ ಮುಗಿಯುತ್ತದೆ. ಹಿಂದಿನ ಕಾಲದಲ್ಲೂ ಗೊಂಬೆಗೆ, ತೊಟ್ಟಿಲಿಗೆ ಅಂತ ಚಿಕ್ಕ ಕ್ವಿಲ್ಟ್ ಮಾಡುತ್ತಿದ್ದರು. ಹುಡುಗಿಯರು ಸೂಜಿ ಹಿಡಿಯಲು ಕಲಿಯುತ್ತಿದ್ದುದೇ ಅದರಲ್ಲಿ.

ಚಿಕ್ಕದು ಅಂದಮಾತ್ರಕ್ಕೆ ಸುಲಭ ಅಲ್ಲ ಅವ್ವ. ನೀನು ಹೊಲಿಗೆ ಬಲ್ಲವಳು, ನಿನಗೆ ಅರ್ಥವಾಗುತ್ತದೆ. ನೈನ್ ಪ್ಯಾಚ್ ಅಂತ ಒಂದಿದೆ, ಒಂಬತ್ತು ಚೌಕದ್ದು. ಒಂದೂವರೆ ಇಂಚಿನ ಚೌಕಗಳನ್ನು ಕತ್ತರಿಸಬೇಕು. ಎರಡೂ ಕಡೆ ಕಾಲು ಕಾಲು ಇಂಚು ಹೊಲಿಗೆಯೊಳಗೆ ಹೋಗಿ ಮೇಲೆ ಒಂದೇ ಇಂಚು ಕಾಣುತ್ತದೆ. ಮೂರು ಚೌಕದ ಮೂರು ಸಾಲು ಕೂಡಿಸಿದರೆ ಮೂರು ಇಂಚಿನ ಒಂದು ಬ್ಲಾಕ್. ಹೊಲಿಗೆ ಕಾಲಿಂಚಿಗಿಂತ ಒಂದು ನೂಲೆಳೆ ಕಡಿಮೆ ಇರಬೇಕು, ಯಾಕೆಂದರೆ ಮಡಿಕೆಯಲ್ಲಿ ಬಟ್ಟೆಯ ದಪ್ಪವೂ ಅಷ್ಟು ಜಾಗ ತಿನ್ನುತ್ತದೆ. ಪ್ರತಿ ಹೊಲಿಗೆಯನ್ನೂ ಗಾಢ ಬಣ್ಣದ ಕಡೆಗೆ ಮಗುಚಿ ಇಸ್ತ್ರಿ ಒತ್ತುತ್ತೇವೆ. ಆಗ ಮೇಲಿನ ಸಾಲಿನ ಮಡಿಕೆ ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ ಬರುತ್ತದೆ. ಎರಡು ಸಾಲು ಜೋಡಿಸುವಾಗ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಬೆರಳು ಸರಿ ಅಂದರೆ ನಾಲ್ಕು ಮೂಲೆಯೂ ಒಂದೇ ಚುಕ್ಕಿಯಲ್ಲಿ ಸೇರುತ್ತವೆ. ಆ ಕ್ಷಣ ನನಗೆ ಎಷ್ಟು ಖುಷಿ ಕೊಡುತ್ತದೆ ಅಂದರೆ ಹೇಳಲಾರೆ.

ನಕ್ಷೆಗಳ ಹೆಸರೂ ಚೆಂದ. ಚರ್ನ್ ಡ್ಯಾಶ್ ಅಂದರೆ ಬೆಣ್ಣೆ ಕಡೆಯುವ ಕೋಲು. ಫ್ಲೈಯಿಂಗ್ ಗೀಸ್ ಅಂದರೆ ಸಾಲುಗಟ್ಟಿ ಹಾರುವ ಬಾತುಗಳು, ಚಳಿಗಾಲದ ಹೊತ್ತಿಗೆ ನಮ್ಮ ಮನೆ ಮೇಲೆಯೇ ಕೂಗುತ್ತಾ ಹೋಗುತ್ತವೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಾವು ಬಳಸುವುದು ರಿಪ್ರೊಡಕ್ಷನ್ ಬಟ್ಟೆ. ಹತ್ತೊಂಬತ್ತನೇ ಶತಮಾನದಲ್ಲಿ ಗಿರಣಿಗಳು ಅಚ್ಚು ಹಾಕಿದ್ದ ಹೂವು, ಚುಕ್ಕಿ, ಗೀಟುಗಳನ್ನು ಹಳೆಯ ಕ್ವಿಲ್ಟು, ಹಳೆಯ ತುಂಡುಗಳಿಂದ ನೋಡಿ ಮತ್ತೆ ಹೊಸ ಕಾಟನ್ ಮೇಲೆ ಹಾಕಿದ್ದು. ಇಲ್ಲಿಯ ಅಂತರ್ಯುದ್ಧದ ಕಾಲದ, ಅಂದರೆ 1861ರಿಂದ 1865ರ ಸುಮಾರಿನ ಬಣ್ಣಗಳೆಂದರೆ ನಮ್ಮವರಿಗೆ ಪ್ರಾಣ. ಟರ್ಕಿ ರೆಡ್ ಅನ್ನುವ ಗಾಢ ಕೆಂಪು, ನೀಲಿಯ ಮೇಲೆ ಬಿಳಿ ಚುಕ್ಕಿ, ಗುಲಾಬಿಯ ಮೇಲೆ ಗುಲಾಬಿ, ಅಂಗಿ ಬಟ್ಟೆಯ ಸಣ್ಣ ಗೀಟು. ಚೆಡ್ಡರ್ ಅಂತ ಒಂದು ಕಿತ್ತಳೆ ಇದೆ, ಒಂದು ಚೂರು ಹಾಕಿದರೆ ಇಡೀ ಕ್ವಿಲ್ಟಿಗೆ ಜೀವ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಂದು. ಎಷ್ಟು ಥರದ ಕಂದು ಅಂತೀಯಾ!

ನಿಜವಾದ ಹಳೆ ಬಟ್ಟೆಯನ್ನೇ ಯಾಕೆ ಬಳಸುವುದಿಲ್ಲ ಅಂದರೆ, ಅದು ಉಳಿದಿರುವುದೇ ಸ್ವಲ್ಪ. ಉಳಿದದ್ದಕ್ಕೂ ಕತ್ತರಿ ಹಾಕಬಾರದು. ಒಂದು ಸಲ ಕ್ಲಬ್ಬಿಗೆ ಒಬ್ಬರು ಮುತ್ತಜ್ಜಿಯ ಕ್ವಿಲ್ಟ್ ತಂದಿದ್ದರು. ಕೆಂಪು ಚೂರುಗಳು ಇನ್ನೂ ಗಟ್ಟಿಯಾಗಿದ್ದವು. ಅದರ ಪಕ್ಕದಲ್ಲೇ ಹೊಲಿದ ಕಂದು ಚೂರುಗಳು ಪುಡಿಯಾಗಿ ಉದುರಿ, ಒಳಗಿನ ಹತ್ತಿ ಕಾಣುತ್ತಿತ್ತು. ಹೊಲಿಗೆಯ ದಾರ ಮಾತ್ರ ಗಾಳಿಯಲ್ಲಿ ಹಾಗೇ ನಿಂತಿತ್ತು. ಕಾರಣ ಬಣ್ಣದಲ್ಲೇ ಇದೆ. ನಮ್ಮ ಮಂಜಿಷ್ಠದ ಜಾತಿಯದೇ ಆದ ಮ್ಯಾಡರ್ ಬೇರನ್ನು ಕುದಿಸಿ ಬಣ್ಣ ಮಾಡುತ್ತಿದ್ದರು. ಬಟ್ಟೆಗೆ ಮೊದಲು ಪಟಿಕ ಹಚ್ಚಿದ್ದರೆ ಅದೇ ನೀರಿನಲ್ಲಿ ಕೆಂಪು ಬರುತ್ತದೆ. ಕಬ್ಬಿಣದ ದ್ರಾವಣ ಹಚ್ಚಿದ್ದರೆ ನೇರಳೆ, ಕಪ್ಪು. ಎರಡೂ ಬೆರೆಸಿದ್ದರೆ ಕಂದು. ಆ ಕಬ್ಬಿಣವೇ ಕಾಲ ಕಳೆದಂತೆ ನೂಲನ್ನು ತಿಂದುಹಾಕುತ್ತದೆ. ಇವತ್ತಿನ ಬಣ್ಣದಲ್ಲಿ ಆ ತೊಂದರೆ ಇಲ್ಲ. ಹಾಗಾಗಿ ಹಳೆಯದನ್ನು ಸುಮ್ನೆ ಬಿಟ್ಟು, ಅದರ ರೂಪವನ್ನು ಹೊಸ ಬಟ್ಟೆಯಲ್ಲಿ ಉಳಿಸುತ್ತೇವೆ. ಇದು ದುಂದಲ್ಲ ಅವ್ವ. ಇದೇ ಸರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅಪ್ಪನಿಗೆ ಇಷ್ಟವಾಗುವ ಮಾತು ಒಂದಿದೆ. ಈ ಹೂವಿನ ಅಚ್ಚುಗಳ ಬೇರು ನಮ್ಮ ದೇಶದಲ್ಲೇ ಇದೆ. ಮಚಲೀಪಟ್ಟಣದ ಕಡೆಯ ಕರಾವಳಿಯಿಂದ ಹಡಗಿನಲ್ಲಿ ಹೋಗುತ್ತಿದ್ದ ಬಣ್ಣದ ಬಟ್ಟೆಗೆ ಯೂರೋಪ್ ಮರುಳಾಗಿತ್ತು. ಒಗೆದರೂ ಬಣ್ಣ ಹೋಗದ ಅಂಥ ಹೂಬಟ್ಟೆ ಅಲ್ಲಿ ಇರಲಿಲ್ಲ. ಅಲ್ಲಿಯ ಉಣ್ಣೆ, ರೇಷ್ಮೆ ನೇಕಾರರು ಗಲಾಟೆ ಮಾಡಿದರು. ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿತು, 1759ರ ತನಕ ಸಡಿಲಿಸಲಿಲ್ಲ. ಇಂಗ್ಲೆಂಡ್ 1700ರಲ್ಲಿ ಒಂದು, 1721ರಲ್ಲಿ ಇನ್ನೂ ಬಿಗಿಯಾದ ಇನ್ನೊಂದು ಕಾಯ್ದೆ ತಂದಿತು. ಆಮೇಲೆ ಅವರೇ ಅಚ್ಚು ಹಾಕಲು ಕಲಿತರು. ಅಲ್ಲಿಂದ ಅದು ಅಮೆರಿಕದ ಗಿರಣಿಗಳಿಗೆ ಬಂತು. ಅಂಗಡಿಯಲ್ಲಿ ಕೆಲವು ಥಾನುಗಳನ್ನು ಮುಟ್ಟಿದಾಗ ಇದು ನಮ್ಮ ಕಡೆಯ ಬಳ್ಳಿಯಲ್ವಾ ಅನ್ನಿಸುತ್ತದೆ, ನಿಜವಾಗಿಯೂ ಹೌದು.

ಇನ್ನೊಂದನ್ನೂ ಬರೆಯಲೇಬೇಕು. ಆ ಕಾಲದ ಬಟ್ಟೆಯ ಹತ್ತಿ ಬೆಳೆದವರು ಅಮೆರಿಕದ ದಕ್ಷಿಣದ ಹೊಲಗಳಲ್ಲಿ ಗುಲಾಮರಾಗಿದ್ದ ಜನ. ಬಣ್ಣ ಚೆಂದ ಅಂತ ಅದನ್ನು ಮರೆಯಲಾಗದು. 1836ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ಹೆಂಗಸರು ಗುಲಾಮಗಿರಿ ವಿರುದ್ಧ ಹಣ ಕೂಡಿಸಲು ಒಂದು ಮಾರಾಟ ಮೇಳ ನಡೆಸಿದರು. ಅದರಲ್ಲಿ ತೊಟ್ಟಿಲಿನ ಒಂದು ಕ್ವಿಲ್ಟ್ ಇತ್ತು. ಸುತ್ತ ನಕ್ಷತ್ರದ ಬ್ಲಾಕುಗಳು, ನಡುವೆ ಮಸಿಯಲ್ಲಿ ಬರೆದ ಪದ್ಯ. ನಿನ್ನ ಮಗುವನ್ನು ಅಪ್ಪಿಕೊಂಡಾಗ, ಮಗುವನ್ನು ಕಿತ್ತುಕೊಂಡು ಮಾರಿದ್ದರಿಂದ ಗೋಳಾಡುವ ಆ ಗುಲಾಮ ತಾಯಿಯನ್ನೂ ನೆನೆ ಅಂತ ಅದರ ಅರ್ಥ. ಆ ಕ್ವಿಲ್ಟ್ ಈಗಲೂ ಉಳಿದಿದೆ. ಮಗು ಮಲಗಿಸುವ ಹೊದಿಕೆಯಲ್ಲೇ ಆ ಮಾತು ಬರೆದವರ ಧೈರ್ಯ ಎಂಥದ್ದು! ನಾವು ಈಗ ಹೊಲಿಯುತ್ತಿರುವುದೂ ನಕ್ಷತ್ರದ ಬ್ಲಾಕನ್ನೇ. ನಾನು ಅದನ್ನು ತೊಟ್ಟಿಲಿನ ಅಳತೆಗೆ ಬೆಳೆಸುತ್ತಿದ್ದೇನೆ.

ನಮ್ಮೂರಿನಲ್ಲೇ ಇಂಟರ್‌ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂ ಇದೆ. 1997ರಲ್ಲಿ ಆರ್ಡಿಸ್ ಮತ್ತು ರಾಬರ್ಟ್ ಜೇಮ್ಸ್ ಅನ್ನುವ ದಂಪತಿ ತಾವು ಕೂಡಿಟ್ಟಿದ್ದ ಸುಮಾರು 950 ಕ್ವಿಲ್ಟುಗಳನ್ನು ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಕೊಟ್ಟರು, ಅಲ್ಲಿಂದ ಶುರುವಾದದ್ದು. ಅಲ್ಲಿ ಹೋದಾಗಲೆಲ್ಲ ನನ್ನನ್ನು ಕಾಡುವುದು ಕ್ವಿಲ್ಟಿನ ಪಕ್ಕದ ಚೀಟಿ. ಎಷ್ಟೋ ಕಡೆ "ಮಾಡಿದವರು ಗೊತ್ತಿಲ್ಲ" ಅಂತಲೇ ಇರುತ್ತದೆ. ಅಷ್ಟು ಸಾವಿರ ಹೊಲಿಗೆ ಹಾಕಿದವಳ ಹೆಸರನ್ನು ಮನೆಯವರು ಯಾರೂ ಬರೆದಿಡಲಿಲ್ಲ. ಅದಕ್ಕೇ ಕ್ಲಬ್ಬಿನಲ್ಲಿ ಒಂದು ನಿಯಮ: ಕ್ವಿಲ್ಟ್ ಎಷ್ಟೇ ಚಿಕ್ಕದಿರಲಿ, ಹಿಂಭಾಗದಲ್ಲಿ ಬಿಳಿ ಬಟ್ಟೆಯ ಪಟ್ಟಿ ಹೊಲಿದು ಹೆಸರು, ಊರು, ವರ್ಷ ಬರೆಯಲೇಬೇಕು.

ಅವ್ವ, ಇದನ್ನೆಲ್ಲ ಬರೆಯುತ್ತಿರುವುದು ನಿನ್ನಿಂದ ಒಂದು ಕೆಲಸ ಆಗಬೇಕು ಅಂತ. ಟ್ರಂಕಿನಲ್ಲಿ ಅಜ್ಜಿಯ ಎರಡು ಕೌದಿ ಇವೆಯಲ್ಲ, ಯಾರಿಗೂ ಕೊಡಬೇಡ. ಹೊರಗೆ ತೆಗೆದು ಅಂಗಳದಲ್ಲಿ ಹಾಸಿ, ಅಪ್ಪನನ್ನೂ ದೊಡ್ಡವ್ವನನ್ನೂ ಕೂರಿಸಿಕೊಂಡು ನೋಡು. ಆ ಹಸಿರು ಗುಳೇದಗುಡ್ಡದ ಖಣ ಯಾರ ಕುಪ್ಪಸದ್ದು? ಇಳಕಲ್ ಸೆರಗು ಅಜ್ಜಿಯದೇ ಇರಬೇಕು. ಒಳಪದರದಲ್ಲಿ ಅಜ್ಜನ ಧೋತರ ಇದೆ ಅಂತ ನೀನೇ ಹೇಳಿದ್ದೆ. ಗೊತ್ತಿರುವುದನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಬರೆದು ಮೂಲೆಗೆ ಹೊಲಿದುಬಿಡು, ಅಜ್ಜಿಯ ಪೂರ್ತಿ ಹೆಸರು, ತವರೂರಿನ ಸಮೇತ. ಮಸಿ ಹರಡುತ್ತದೆ ಅನ್ನಿಸಿದರೆ ದಾರದಲ್ಲೇ ಅಕ್ಷರ ಹೊಲಿ. ಎರಡೂ ಬದಿಯ ಫೋಟೋ ಕಳಿಸು.

ತಮ್ಮ ಹಳಿಯಾಳ, ಯಲ್ಲಾಪುರದ ಕಡೆ ಕೆಲಸದ ಮೇಲೆ ಹೋಗುತ್ತಾನಲ್ಲ, ಅಲ್ಲಿಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನೂ, ಅವರು ಕವಂದಿ ಅನ್ನುತ್ತಾರೆ, ಒಪ್ಪಿಗೆ ಕೇಳಿ ಫೋಟೋ ತೆಗೆಯಲಿ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು ಇಡದೆ ಮುಗಿಸುವುದಿಲ್ಲ. ಕ್ಲಬ್ಬಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ಹೊಲಿಗೆ ಬಿಟ್ಟು ಕೇಳಿದರು.

ಕೌದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡ, ಬೆವರುತ್ತವೆ. ಒಗೆದ ಹಳೆಯ ಪಂಜೆಯಲ್ಲಿ ಸುತ್ತಿಡು. ಟ್ರಂಕಿನ ತಗಡು ತಾಗದಂತೆ ಕೆಳಗೂ ಒಂದು ಬಟ್ಟೆ ಹಾಸು. ಆರು ತಿಂಗಳಿಗೊಮ್ಮೆ ತೆಗೆದು ಬೇರೆ ಜಾಗದಲ್ಲಿ ಮಡಿಸು, ಒಂದೇ ಮಡಿಕೆಯಲ್ಲಿ ಬಹಳ ದಿನ ಇದ್ದರೆ ಅಲ್ಲೇ ಹರಿಯುತ್ತದೆ. ಬಿಸಿಲಿಗೆ ಜಾಸ್ತಿ ಹೊತ್ತು ಬೇಡ. ದರ್ಜಿಯ ಹತ್ತಿರ ಖಣದ ಕತ್ತರಿಸಿ ಉಳಿದ ತುಂಡು ಸಿಕ್ಕರೆ ಮಾವ ಬರುವಾಗ ಕೊಟ್ಟು ಕಳಿಸು. ಕ್ಲಬ್ಬಿನವರಿಗೆಲ್ಲ ಒಂದೊಂದು ಹಂಚಬೇಕು.

ಅಪ್ಪನ ಮೊಣಕಾಲು ನೋವು ಹೇಗಿದೆ ಅಂತ ಮರೆಯದೆ ತಿಳಿಸು.

ನಿಮ್ಮ ಮಗಳು