ನನಗಾಗಿ ಓಡಿ ಬಂದವರಿಗೆ

ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದೇನೆ. ಮೊನ್ನೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ನೋಡಿದ ಡಾಕ್ಟರು, ಹೃದಯದ ಪಂಪಿಂಗ್ ಶೇಕಡಾ 55 ಇದೆ, ಅದು ಸಹಜವೇ, ಇನ್ನು ಕೆಲಸಕ್ಕೆ ಹೋಗಬಹುದು ಎಂದರು. ಹೋಗುವ ಮುಂಚೆ ಕೆಲವರಿಗೆ ಎಲ್ಲರೆದುರು ಕೈಮುಗಿಯಬೇಕು.

ಮೊದಲು ಆಫೀಸಿನ ಗೆಳತಿಗೆ. ಮೀಟಿಂಗ್ ನಡುವೆ ನನಗೆ ಎದೆ ಬಿಗಿದು, ನೋವು ದವಡೆಯವರೆಗೆ ಹಬ್ಬಿ, ಮೈಯೆಲ್ಲ ತಣ್ಣಗೆ ಬೆವೆತಾಗ ಗ್ಯಾಸ್ ಇರಬೇಕೆಂದವರೇ ಹೆಚ್ಚು. ನೀವು ಒಪ್ಪಲಿಲ್ಲ. ಏಳಗೊಡದೆ ಕೂರಿಸಿ, ಆಂಬುಲೆನ್ಸ್‌ಗೆ ಫೋನ್ ಮಾಡಿ, ಆ ಕಡೆಯವರು ಹೇಳಿದ ಮೇಲೆಯೇ ಆಸ್ಪಿರಿನ್ ಅಗಿಯಲು ಕೊಟ್ಟಿರಿ. ರಕ್ತನಾಳ ಕಟ್ಟಿಕೊಂಡರೆ ಹೃದಯದ ಸ್ನಾಯು ಹೊತ್ತು ಸರಿದಂತೆಲ್ಲ ಸಾಯುತ್ತಾ ಹೋಗುತ್ತದೆ, ಸತ್ತದ್ದು ಮತ್ತೆ ಚಿಗುರುವುದಿಲ್ಲ ಎಂದು ಆಮೇಲೆ ತಿಳಿಯಿತು. ಇವತ್ತಿನ ಆ 55ರಲ್ಲಿ ನಿಮ್ಮ ಹಟಕ್ಕೆ ದೊಡ್ಡ ಪಾಲಿದೆ.

ಎಮರ್ಜೆನ್ಸಿಯಲ್ಲಿದ್ದ ಆ ಚಿಕ್ಕ ವಯಸ್ಸಿನ ವೈದ್ಯೆಗೆ ಏನು ಹೇಳಲಿ? ಮೊದಲ ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಹೃದಯಾಘಾತದ ಶುರುವಿನಲ್ಲಿ ಹೀಗಾಗುವುದುಂಟಂತೆ. "ನೋವು ಇರೋವರೆಗೂ ಇವರನ್ನ ಮನೆಗೆ ಕಳಿಸಲ್ಲ" ಎಂದವರೇ, ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ಮತ್ತೆ ಇಸಿಜಿ ತೆಗೆಸಿದರು. ಹೃದಯಾಘಾತದ ಗುರುತಾಗಿ ಇಸಿಜಿಯ ಗೆರೆ ಮೇಲೆದ್ದದ್ದು ಆಗ. ಅಲ್ಲಿಂದ ಎಲ್ಲರೂ ಓಡಿದರು. ಸ್ಟ್ರೆಚರ್ ತಳ್ಳಿದವರ ಮುಖ ಕೂಡ ನನಗೆ ನೆನಪಿಲ್ಲ, ಅವರಿಗೂ ಈ ನಮಸ್ಕಾರ ತಲುಪಲಿ. ಮಣಿಕಟ್ಟಿನಿಂದ ತಂತಿ ಹೋಗಿ, ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಸ್ಟೆಂಟ್, ಕೂತಿತು. ಎಚ್ಚರವಾಗಿದ್ದೆ, ನೋವು ಇಳಿದದ್ದು ಗೊತ್ತಾಯಿತು.

ನಾನೆಂದೂ ನೋಡದ ಒಬ್ಬರನ್ನೂ ನೆನೆಯಬೇಕು. ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ತಮ್ಮ ಮನೆಯ ಅಡುಗೆಮನೆಯ ಮೇಜಿನ ಮುಂದೆ ಕೂತು, ಕಟ್ಟಿಕೊಂಡ ರಕ್ತನಾಳವನ್ನು ಒಳಗಿನಿಂದ ಉಬ್ಬಿ ತೆರೆಯುವ ಬಲೂನ್ ಕೊಳವೆಗಳನ್ನು ಕೈಯಾರೆ ಮಾಡುತ್ತಿದ್ದರಂತೆ. 1977ರಲ್ಲಿ ಜ್ಯೂರಿಚ್‌ನಲ್ಲಿ 38 ವರ್ಷದ ರೋಗಿಯೊಬ್ಬರ ಹೃದಯದ ರಕ್ತನಾಳವನ್ನು ಅಂಥ ಒಂದು ಕೊಳವೆಯಿಂದ ತೆರೆದರು. ಆ ಮೇಜಿನ ಋಣವೂ ನನ್ನ ಮೇಲಿದೆ.

ಮನೆಗೆ ಬಂದ ಮೇಲಿನ ದಿನಗಳೇ ಕಷ್ಟದವು. ಎದೆಯಲ್ಲಿ ಸಣ್ಣದೇನಾದರೂ ಚುಚ್ಚಿದರೆ ಭಯ, ಕಾರಣವಿಲ್ಲದೆ ಅಳು. ಹೃದಯಾಘಾತವಾದ ಬಹಳ ಜನಕ್ಕೆ ಹೀಗಾಗುತ್ತದೆ, ಇದಕ್ಕೂ ಚಿಕಿತ್ಸೆ ಇದೆ ಎಂದು ಪಕ್ಕದಲ್ಲಿ ಕೂತು ಹೇಳಿದ ನರ್ಸಮ್ಮ, ನಿಮ್ಮ ಮಾತು ಮಾತ್ರೆಯಷ್ಟೇ ಕೆಲಸ ಮಾಡಿತು. ಹೆಂಡತಿ ರಾತ್ರಿಯೆಲ್ಲ ನನ್ನ ಉಸಿರು ಆಲಿಸುತ್ತಾ ಎಚ್ಚರವಿದ್ದಳು. ಮಗಳು ಯಾರೂ ಹೇಳದೆ ಹೋಗಿ, ಹೃದಯ ನಿಂತಾಗ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಕಲಿತು ಬಂದಳು. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು ಎಂದು ದಿಂಬಿನ ಮೇಲೆ ಅಮ್ಮನಿಗೂ ತೋರಿಸಿದಳು. ನೋಡುತ್ತಾ ಗಂಟಲು ಕಟ್ಟಿತು.

ಶುರುವಿನಲ್ಲಿ ದಿನಕ್ಕೆ ಒಂದಿಷ್ಟೇ ಶಕ್ತಿ ಇರುತ್ತಿತ್ತು. ಸ್ನಾನ ಮಾಡಿ ಬಂದರೆ ಅರ್ಧ ಖಾಲಿ. ಉಳಿದದ್ದನ್ನು ಯಾರಿಗೆ ಕೊಡಲಿ ಎಂದು ದಿನವೂ ಆರಿಸಬೇಕಾಯಿತು. ಪ್ರತಿದಿನವೂ ಕೈ ಹೋದದ್ದು ಅದೇ ನಾಲ್ಕೈದು ಜನರ ಕಡೆಗೆ: ಹೆಂಡತಿ, ಮಗಳು, ಅಣ್ಣ, ಹಳೆಯ ಇಬ್ಬರು ಗೆಳೆಯರು. ಬೇರೆ ಯೋಚನೆಯೇ ಬೇಕಾಗಲಿಲ್ಲ. ಹಾಗಾಗಿ ತಂಡದ ಮುಖ್ಯಸ್ಥನ ಹೊಣೆ ಬಿಟ್ಟುಕೊಟ್ಟಿದ್ದೇನೆ. ಆ ಕೆಲಸ ನನಗೆ ಪ್ರೀತಿಯದಾಗಿತ್ತು, ಬಿಡುವಾಗ ನೋವೂ ಆಯಿತು, ಸುಳ್ಳು ಹೇಳಲಾರೆ. ನನ್ನ ಕೆಲಸವನ್ನೆಲ್ಲ ಸದ್ದಿಲ್ಲದೆ ಹಂಚಿಕೊಂಡು, ಒಂದು ಸಲವೂ ಫೋನ್ ಮಾಡಿ ಕಾಡದ ಸಹೋದ್ಯೋಗಿಗಳೇ, ನಿಮ್ಮಿಂದಾಗಿ ಈ ನಿರ್ಧಾರ ಹಗುರವಾಯಿತು.

ನೋಡಲು ಬರಬೇಕೆಂದು ಕಾಯುತ್ತಿದ್ದವರು ಈಗ ಬನ್ನಿ. ದಿನಾ ಸಂಜೆ ನಡೆಯಲು ಹೋಗುತ್ತೇನೆ, ಜೊತೆಗೆ ಹೋಗೋಣ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗದಲ್ಲಿ ನಡೆಯಬೇಕೆಂದು ಫಿಸಿಯೊಥೆರಪಿಸ್ಟ್ ಹೇಳಿದ್ದಾರೆ, ಅದಕ್ಕಾದರೂ ನನಗೆ ಮಾತಾಡುವವರು ಬೇಕು.