ವಿಎಂ ಓಡುವಾಗ ಕಮಾಂಡ್-ಕ್ಯೂ ಜೋಕೆ
ಎಲ್ಲರಿಗೂ ನಮಸ್ಕಾರ. ನಿನ್ನೆ ನನ್ನ ಮ್ಯಾಕ್‌ನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್, ಅಂದರೆ ವಿಎಂ ಅಥವಾ ವರ್ಚುವಲ್ ಮಷೀನ್, ಓಡಿಸುವ ಸಾಫ್ಟ್‌ವೇರ್) ಒಳಗೆ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ ಓಡುತ್ತಿತ್ತು. ಟ್ಯಾಬ್ ಮುಚ್ಚುವ ಹಳೇ ಚಾಳಿಯಲ್ಲಿ ಕಮಾಂಡ್-ಡಬ್ಲ್ಯೂ ಒತ್ತಲು ಹೋಗಿ ಪಕ್ಕದ ಕ್ಯೂ ಒತ್ತಿಬಿಟ್ಟೆ. ವಿಎಂ ಅನ್ನು ಹೇಗೆ ಮುಚ್ಚಲಿ ಅಂತ ಕೇಳಿತು, ಓದದೆ ಎಂಟರ್ ಹೊಡೆದೆ. ಹಿಂದಿನ ಸಲ ಆರಿಸಿದ್ದ 'ಪವರ್ ಆಫ್' ಅಲ್ಲೇ ಕೂತಿತ್ತು! ಓಡುತ್ತಿರುವ ಕಂಪ್ಯೂಟರಿನ ವೈರ್ ಕಿತ್ತ ಹಾಗೆ. ಸೇವ್ ಮಾಡದ ಎರಡು ಗಂಟೆ ಕೆಲಸ ಹೋಯ್ತು. ತಪ್ಪು ನನ್ನದೇ ಬಿಡಿ.

ನಿಮಗೂ ಆ ಪ್ರಶ್ನೆ ಬಂದರೆ ಸುಮ್ನೆ ಎಸ್ಕೇಪ್ ಒತ್ತಿ. ಮುಚ್ಚಲೇಬೇಕಿದ್ದರೆ 'ಸೇವ್ ದ ಮಷೀನ್ ಸ್ಟೇಟ್' ಆರಿಸಿ. ಮೆಮೊರಿಯಲ್ಲಿ ಇರುವುದೆಲ್ಲ ಡಿಸ್ಕಿಗೆ ಹೋಗುತ್ತದೆ, ಮತ್ತೆ ತೆರೆದಾಗ ಬಿಟ್ಟ ಜಾಗದಲ್ಲೇ ಸಿಗುತ್ತದೆ. ನಾನಂತೂ ವರ್ಚುವಲ್‌ಬಾಕ್ಸಿನ ಇನ್‌ಪುಟ್ ಸೆಟ್ಟಿಂಗ್‌ಗೆ ಹೋಗಿ ಆ ಶಾರ್ಟ್‌ಕಟ್ಟನ್ನೇ ಅಳಿಸಿದೆ.