‘ಎಲ್ಲಾ ಸಾಕಾಗಿದೆ’ ಎಂದವಳಿಗೆ ನಿಮ್ಮ ಆ್ಯಪ್ ಕೊಟ್ಟ ಉತ್ತರ

8 ಡಿಸೆಂಬರ್ 2025

ಇವರಿಗೆ:
ಕುಂದುಕೊರತೆ ಪರಿಹಾರ ಅಧಿಕಾರಿ
(ಹೆಸರು ನಿಮ್ಮ ಜಾಲತಾಣದಲ್ಲೂ ಇಲ್ಲ, ಆ್ಯಪ್‌ನಲ್ಲೂ ಇಲ್ಲ)

ಇವರಿಂದ:
ಪೋಷಕರ ಸಮಿತಿ ಮತ್ತು ಆಪ್ತಸಮಾಲೋಚನಾ ವಿಭಾಗ
ಅನುದಾನಿತ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜು, ತುಮಕೂರು ಜಿಲ್ಲೆ

ವಿಷಯ: ಹದಿಹರೆಯದ ಮಕ್ಕಳ ಆನ್‌ಲೈನ್ ಆಪ್ತಸಮಾಲೋಚನೆಯಲ್ಲಿ ಸೇವಾಲೋಪ, ಗೌಪ್ಯತೆ ಭಂಗ ಹಾಗೂ ಹಣ ವಾಪಸಾತಿ

ಮಾನ್ಯರೇ,

ನಾಲ್ಕು ಸಲ ಹೇಳಿಯಾಗಿದೆ. ಅಕ್ಟೋಬರ್ 29, 31 ಮತ್ತು ನವೆಂಬರ್ 18ರಂದು ಫೋನಿನಲ್ಲಿ, ನವೆಂಬರ್ 3ರಂದು ಇ-ಮೇಲಿನಲ್ಲಿ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು, ಕುಂದುಕೊರತೆ ಅಧಿಕಾರಿಯ ಹೆಸರು, ಹುದ್ದೆ, ಸಂಪರ್ಕ ವಿವರ ಪ್ರಕಟಿಸಬೇಕು ಎನ್ನುತ್ತವೆ 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳು. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ನಿಮ್ಮ ಸೇವಾ ಷರತ್ತುಗಳಲ್ಲೇ ಇದೆ. ಇ-ಮೇಲ್ ಕಳಿಸಿ ಇಂದಿಗೆ 35 ದಿನ.

ಆಗಸ್ಟ್‌ನಲ್ಲಿ ನಿಮ್ಮ ಪ್ರತಿನಿಧಿ ಶಾಲೆಗೆ ಬಂದಾಗ ಮೊದಲು ಮೇಜಿನ ಮೇಲಿಟ್ಟದ್ದು ಸುಪ್ರೀಂ ಕೋರ್ಟಿನ 2025ರ ಜುಲೈ 25ರ ತೀರ್ಪು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಇರಬೇಕು ಎಂಬ ನಿರ್ದೇಶನ ಅದರಲ್ಲಿದೆ. ನಮ್ಮಲ್ಲಿ ಒಬ್ಬ ಆಪ್ತಸಮಾಲೋಚಕಿ ಇದ್ದಾರೆ. ಅವರೊಬ್ಬರಿಗೆ ಸಮಯ ಸಾಲದೆ ಹೊರಗಿನ ನೆರವು ಹುಡುಕಿದೆವು. ಆನ್‌ಲೈನ್ ಆಪ್ತಸಮಾಲೋಚನೆ ಕೊಡುವ ಮೂರು ಸಂಸ್ಥೆಗಳಿಗೂ ಒಂದೇ ಪ್ರಶ್ನಾವಳಿ ಕೊಟ್ಟೆವು. ಸಮಾಲೋಚಕರ ಓದೇನು, ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಸಿ.ಆರ್.ಆರ್. (ನೋಂದಣಿ) ಸಂಖ್ಯೆ ಯಾವುದು? ಮಗುವಿಗೆ ಪ್ರತಿ ಸಲವೂ ಅದೇ ವ್ಯಕ್ತಿ ಸಿಗುತ್ತಾರೆಯೇ? ಕನ್ನಡ ಮಾತನಾಡುತ್ತಾರೆಯೇ? ಅಪ್ಪ ಅಮ್ಮನಿಗೆ ಏನು ಹೇಳುತ್ತೀರಿ, ಏನು ಹೇಳುವುದಿಲ್ಲ? ಜೀವಕ್ಕೆ ಅಪಾಯವೆನಿಸಿದರೆ ಮೊದಲ ಹತ್ತು ನಿಮಿಷದಲ್ಲಿ ಯಾರು ಏನು ಮಾಡುತ್ತಾರೆ? ನೆಟ್ ಹೋದರೆ ಮುಂದೇನು? ಏಳು ಪುಟಗಳ ಉತ್ತರವನ್ನು ಸಹಿ ಹಾಕಿ ಕೊಟ್ಟವರು ನೀವೊಬ್ಬರೇ. ಆ ಏಳು ಪುಟ ನೋಡಿಯೇ ನಿಮ್ಮನ್ನು ಆರಿಸಿದೆವು. 64 ಮಕ್ಕಳ ಪೋಷಕರು ತಲಾ 2,700 ರೂಪಾಯಿ ನೇರವಾಗಿ ನಿಮಗೆ ಕಟ್ಟಿದರು. ಒಬ್ಬರಿಗೆ 45 ನಿಮಿಷದ ಆರು ಸೆಷನ್. ಒಟ್ಟು 384 ಸೆಷನ್, 1,72,800 ರೂಪಾಯಿ.

ಈವರೆಗೆ ನಿಮ್ಮ ಲೆಕ್ಕದಲ್ಲಿ 57 ಸೆಷನ್ ಮುಗಿದಿವೆ. ಅವುಗಳಲ್ಲಿ 19 ಹದಿನೈದು ನಿಮಿಷ ತುಂಬುವ ಮೊದಲೇ ಕಡಿದುಹೋದವು. ವಿಡಿಯೊ ನಿಂತರೆ ಎರಡು ನಿಮಿಷದೊಳಗೆ ಮಾಮೂಲಿ ಫೋನ್ ಕರೆ ಮಾಡುತ್ತೇವೆ ಎಂದು ಬರೆದುಕೊಟ್ಟಿದ್ದಿರಿ. ಒಂದು ಸಲವೂ ಕರೆ ಬಂದಿಲ್ಲ. ಮೂರು ಸೆಷನ್ ಆದ ಮಗುವಿಗೆ ಮೂವರು ಬೇರೆಬೇರೆ ಸಮಾಲೋಚಕರು. ಹದಿಹರೆಯದ ಮಗು ಮೊದಲ ಸೆಷನ್ನಿನಲ್ಲಿ ಬಾಯಿ ಬಿಡುವುದೇ ಇಲ್ಲ, ಎದುರಿನವರನ್ನು ಅಳೆಯುತ್ತದೆ. ಎರಡನೆಯದರಲ್ಲಿ ಪರೀಕ್ಷೆಯ ಮಾತು, ಸ್ನೇಹಿತರ ಮಾತು. ನಿಜವಾದ ಮಾತು ಬರುವುದು ಆಮೇಲೆ. ಪ್ರತಿ ವಾರ ಹೊಸ ಮುಖಕ್ಕೆ ‘ನಿನ್ನ ಬಗ್ಗೆ ಹೇಳು’ ಎಂಬಲ್ಲಿಂದ ಶುರುವಾದರೆ ಆ ಮಾತು ಬರುವುದೇ ಇಲ್ಲ. ಸಿ.ಆರ್.ಆರ್. ಸಂಖ್ಯೆಗಳನ್ನು ಮತ್ತೆ ಕೇಳಿದಾಗ ‘ನಮ್ಮ ತಜ್ಞರನ್ನು ನಾವು ಪರಿಶೀಲಿಸಿದ್ದೇವೆ’ ಎಂಬ ಒಂದು ಸಾಲು ಬಂತು. ಸಂಖ್ಯೆ ಬರಲಿಲ್ಲ.

ಗೌಪ್ಯತೆಯ ವಿಷಯ ಇನ್ನೂ ಕೆಟ್ಟದು. ನಮ್ಮ ಬಹುತೇಕ ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಒಂದೇ, ಅದು ಅಪ್ಪನ ಜೇಬಿನಲ್ಲಿ ಅಥವಾ ಅಣ್ಣನ ಕೈಯಲ್ಲಿ. ಅದಕ್ಕೇ ನೋಟಿಫಿಕೇಶನ್‌ನಲ್ಲಿ ‘ನಿಮಗೊಂದು ಸಂದೇಶವಿದೆ’ ಎಂಬುದಕ್ಕಿಂತ ಹೆಚ್ಚೇನೂ ಇರಬಾರದು ಎಂದು ಮೊದಲೇ ಕೇಳಿದ್ದೆವು. ನೀವು ಸೆಷನ್ನಿನ ವಿಷಯವನ್ನೇ ಪರದೆಯ ಮೇಲೆ ಹಾಕಿದಿರಿ. ಪ್ರೇಮ ಸಂಬಂಧ, ಮನೆಯ ಜಗಳ, ಸ್ವಯಂ ಹಾನಿ, ಇವೆಲ್ಲ ಲಾಕ್ ತೆಗೆಯದೆಯೇ ಕಾಣುತ್ತಿದ್ದವು. ಇಬ್ಬರು ಹುಡುಗಿಯರು ಮರುದಿನದಿಂದ ಆ್ಯಪ್ ಮುಟ್ಟಿಲ್ಲ. ಏಕೆಂದು ನಾವು ಕೇಳಬೇಕಾಗಿರಲಿಲ್ಲ.

ಈಗ ಅಕ್ಟೋಬರ್ 28ರ ರಾತ್ರಿ. 10 ಗಂಟೆ 52 ನಿಮಿಷಕ್ಕೆ ಪ್ರಥಮ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ನಿಮ್ಮ ಚಾಟ್‌ನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ ಕನ್ನಡದಲ್ಲಿ ಬರೆದಳು: ‘ಎಲ್ಲಾ ಸಾಕಾಗಿದೆ.’ ಅದೇ ನಿಮಿಷ ಉತ್ತರ ಬಂತು: ‘ಎಲ್ಲವೂ ಸಾಕಷ್ಟಿದೆ ಎಂದು ತಿಳಿದು ಸಂತೋಷವಾಯಿತು! ನಮ್ಮ ಸೇವೆಗೆ ನಕ್ಷತ್ರ ನೀಡಿ.’ ಊಟಕ್ಕೆ ಕೂತವರು ಸಾಕು ಎಂದರೆ ಹೊಟ್ಟೆ ತುಂಬಿತು ಎಂದರ್ಥ. ರಾತ್ರಿ ಹನ್ನೊಂದರ ಹೊತ್ತಿಗೆ ಹದಿನಾರರ ಹುಡುಗಿ ಎಲ್ಲಾ ಸಾಕಾಗಿದೆ ಎಂದರೆ ಏನರ್ಥವೆಂದು ಕನ್ನಡ ಬಲ್ಲ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಆ ಗಳಿಗೆಯಲ್ಲಿ ಯಂತ್ರ ಪಕ್ಕಕ್ಕೆ ಸರಿದು ಮನುಷ್ಯರು ಬರಬೇಕಿತ್ತು. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಬೇಕಿತ್ತು. ಹಾಗೆ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಈ ಕಸುಬಿನವರೆಲ್ಲರೂ ಮೊದಲು ಕಲಿಯುವ ಪಾಠವಿದು. ಅವಳು ಈಗ ಎಲ್ಲಿದ್ದಾಳೆ, ಜೊತೆಯಲ್ಲಿ ಯಾರಿದ್ದಾರೆ, ಹತ್ತಿರದ ಆಸ್ಪತ್ರೆ ಯಾವುದು ಎಂಬ ಮಾಹಿತಿ ಕೈಯಲ್ಲಿರಬೇಕಿತ್ತು. ಆನ್‌ಲೈನ್ ಸೆಷನ್ ಶುರುಮಾಡುವಾಗಲೆಲ್ಲ ಇರುವ ಜಾಗ ಮತ್ತು ತುರ್ತು ಸಂಪರ್ಕ ಕೇಳಿಕೊಳ್ಳುವುದು ಇದಕ್ಕಾಗಿಯೇ. ನಿಮ್ಮವರು ಒಬ್ಬ ಮಗುವಿನಿಂದಲೂ ಅದನ್ನು ಕೇಳಿ ಪಡೆದಿಲ್ಲ.

ಅವಳು ತುರ್ತು ಸಹಾಯದ ಕೆಂಪು ಗುಂಡಿಯನ್ನೂ ಒತ್ತಿದ್ದಾಳೆ. ಅದು ತೋರಿಸಿದ್ದು 988. ಅದು ಅಮೆರಿಕದ ಸಹಾಯವಾಣಿ. ಇಲ್ಲಿಯದು ಟೆಲಿ-ಮಾನಸ್, 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ, ಅದರ ರಾಷ್ಟ್ರೀಯ ಉನ್ನತ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಆ ರಾತ್ರಿ ಹುಡುಗಿ ಗೆಳತಿಗೆ ಫೋನ್ ಮಾಡಿದಳು, ಗೆಳತಿ ನಮ್ಮ ಆಪ್ತಸಮಾಲೋಚಕಿಗೆ, ಅವರು ತಾಯಿಯನ್ನು ಎಬ್ಬಿಸಿ 14416ಕ್ಕೆ. ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಈಗ ಚೇತರಿಸಿಕೊಳ್ಳುತ್ತಿದ್ದಾಳೆ. ಅದರಲ್ಲಿ ನಿಮ್ಮ ಪಾಲು ಏನೂ ಇಲ್ಲ.

ನವೆಂಬರ್ 18ರ ಕರೆಯನ್ನು ನೀವೇ ರೆಕಾರ್ಡ್ ಮಾಡಿಕೊಂಡಿದ್ದೀರಿ. ತೆಗೆದು ಕೇಳಿ. ಬೆಳಿಗ್ಗೆ 11.20ಕ್ಕೆ ತಾಯಿ ಶಾಲೆಯ ಕಚೇರಿಯಿಂದ ಕರೆ ಮಾಡಿದರು. ಟಿಪ್ಪಣಿ ಬರೆದುಕೊಳ್ಳಲು ಸ್ಪೀಕರ್ ಹಾಕಿದವರು ನಾವೇ, ಅದಕ್ಕೆ ಆ ತಾಯಿಯ ಕ್ಷಮೆಯನ್ನೂ ಕೇಳಿದ್ದೇವೆ. ಒಂಬತ್ತು ನಿಮಿಷ ಹಾಡು. ಆಮೇಲೆ ಹಿಂದಿಯಲ್ಲಿ ಒಬ್ಬರು. ‘ಕನ್ನಡದವರಿಗೆ ಕೊಡಿ ಸಾರ್’ ಎಂದು ಮೂರು ಸಲ ಕೇಳಿದ ಮೇಲೆ ಮತ್ತೆ ಆರು ನಿಮಿಷ ಹಾಡು. ಕನ್ನಡದವರು ಬಂದರು.

‘ಏನು ಇಶ್ಯೂ ಮೇಡಂ?’

‘ನನ್ ಮಗಳ ವಿಷ್ಯ ಸಾರ್. ಅವತ್ತು ರಾತ್ರಿ ಬರೆದಿದ್ಲಲ್ಲ, ಅದುಕ್ಕೆ…’

‘ಕೆಟಗರಿ ಹೇಳಿ ಮೇಡಂ. ಎಕ್ಸಾಂ ಸ್ಟ್ರೆಸ್ಸಾ, ಲವ್ ಮ್ಯಾಟರಾ, ಸೂಸೈಡಾ?’

ಕಚೇರಿಯಲ್ಲಿ ಗುಮಾಸ್ತರಿದ್ದರು, ವರ್ಗಾವಣೆ ಪತ್ರಕ್ಕೆ ಬಂದಿದ್ದ ಬೇರೆ ಇಬ್ಬರು ಪೋಷಕರಿದ್ದರು. ತಾಯಿ ಸೆರಗು ಬಾಯಿಗೆ ಹಿಡಿದು ‘ಅದೇ ಸಾರ್’ ಎಂದರು.

‘ಅದೇ ಅಂದ್ರೆ ಯಾವುದು ಮೇಡಂ? ಬಾಯಿಬಿಟ್ಟು ಹೇಳ್ಬೇಕು, ಇಲ್ಲಾಂದ್ರೆ ಟಿಕೆಟ್ ರೈಸ್ ಆಗಲ್ಲ.’

ಅವರು ಹೇಳಿದರು. ಕಚೇರಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಕೀಬೋರ್ಡಿನ ಸದ್ದು, ಆಮೇಲೆ ಈ ಮಾತು: ‘ಸಿಸ್ಟಂನಲ್ಲಿ ನಿಮ್ಮ ಮಗಳು ಅವತ್ತು ಐದು ಸ್ಟಾರ್ ಕೊಟ್ಟಿದ್ದಾರೆ ಮೇಡಂ. ಕಂಪ್ಲೇಂಟ್ ವ್ಯಾಲಿಡ್ ಆಗಲ್ಲ. ಮುಂದಿನ ಪ್ಯಾಕೇಜಿಗೆ ಹತ್ತು ಪರ್ಸೆಂಟ್ ಕೂಪನ್ ಕೊಡ್ಲಾ?’

ಅವಳು ನಕ್ಷತ್ರ ಕೊಟ್ಟಿಲ್ಲ. ನಿಮ್ಮ ಆ್ಯಪ್‌ನಲ್ಲಿ ಉತ್ತರ ಕೊಡದೆ ಮುಚ್ಚಿದರೆ ಐದು ನಕ್ಷತ್ರ ತಾನಾಗಿಯೇ ದಾಖಲಾಗುತ್ತದೆ. ಮೂರು ಫೋನ್‌ಗಳಲ್ಲಿ ಮಾಡಿ ನೋಡಿದ್ದೇವೆ, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇವೆ.

ಆ ತಾಯಿಗೆ ನೀವು ಕನ್ನಡದಲ್ಲಿ, ಲಿಖಿತವಾಗಿ ಕ್ಷಮೆ ಕೇಳಬೇಕು. ಬಳಸದ 327 ಮತ್ತು ಕಡಿದುಹೋದ 19, ಒಟ್ಟು 346 ಸೆಷನ್‌ಗಳ 1,55,700 ರೂಪಾಯಿಯನ್ನು ಪೋಷಕರ ಖಾತೆಗಳಿಗೆ ಹಾಕಬೇಕು. ‘30 ದಿನದಲ್ಲಿ ಬಳಸದ ಸೆಷನ್ ರದ್ದು’ ಎಂಬ ಷರತ್ತನ್ನು ತೋರಿಸಬೇಡಿ, ಆ ಏಳು ಪುಟಗಳಲ್ಲಿ ಅದು ಇರಲಿಲ್ಲ. 988 ತೆಗೆದು 14416 ಮತ್ತು ಮಕ್ಕಳ ಸಹಾಯವಾಣಿ 1098 ಹಾಕಬೇಕು. ಈ ಕೊನೆಯದಕ್ಕೆ ಗಡುವು ಕೊಡುವುದಿಲ್ಲ, ಈ ಪತ್ರ ಓದಿದ ದಿನವೇ ಆಗಬೇಕು. ಇವತ್ತು ರಾತ್ರಿಯೂ ಯಾವುದೋ ಊರಿನಲ್ಲಿ ಯಾವುದೋ ಮಗು ಆ ಗುಂಡಿ ಒತ್ತಬಹುದು.

ಉಳಿದದ್ದಕ್ಕೆ 15 ದಿನ. ಡಿಸೆಂಬರ್ 23ರ ಸಂಜೆಯೊಳಗೆ ಹಣವೂ ಪತ್ರವೂ ಬಾರದಿದ್ದರೆ 24ರ ಬೆಳಿಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಾಗುತ್ತದೆ. ಅದಾದ ಮೇಲೆ ಗ್ರಾಹಕ ರಕ್ಷಣಾ ಕಾಯ್ದೆ 2019ರ 35(1)(ಸಿ) ಕಲಮಿನಡಿ 64 ಪೋಷಕರ ಪರವಾಗಿ ಒಂದೇ ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಸಲ್ಲಿಸುತ್ತೇವೆ. ಐದು ಲಕ್ಷದವರೆಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸಹಿ ಸಂಗ್ರಹ ಮುಗಿದಿದೆ. ನವೆಂಬರ್ 18ರ ರೆಕಾರ್ಡಿಂಗ್ ಹಾಜರುಪಡಿಸಲು ನಿಮಗೆ ಆದೇಶಿಸಬೇಕೆಂಬ ಅರ್ಜಿಯೂ ಟೈಪ್ ಆಗಿದೆ, ಅದನ್ನು ಅಳಿಸುವ ಯೋಚನೆ ಬೇಡ. ಪ್ರಶ್ನಾವಳಿ, ನಿಮ್ಮ ಸಹಿಯ ಏಳು ಪುಟ ಮತ್ತು ಈ ಪತ್ರದ ಪ್ರತಿಗಳು ಜಿಲ್ಲೆಯಲ್ಲಿ ನಿಮ್ಮ ಪ್ರತಿನಿಧಿ ಭೇಟಿ ಕೊಟ್ಟ ಪ್ರತಿಯೊಂದು ಶಾಲೆಯ ಮುಖ್ಯೋಪಾಧ್ಯಾಯರಿಗೂ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಹೋಗುತ್ತವೆ. ಆ ಶಾಲೆಗಳ ಪಟ್ಟಿಯನ್ನು ಆಗಸ್ಟ್‌ನಲ್ಲಿ ನಿಮ್ಮ ಪ್ರತಿನಿಧಿಯೇ ನಮಗೆ ಕೊಟ್ಟುಹೋಗಿದ್ದಾರೆ.

ಇಂತಿ,
ಪೋಷಕರ ಸಮಿತಿಯ ಸದಸ್ಯರು ಮತ್ತು ಆಪ್ತಸಮಾಲೋಚಕಿ
ಲಗತ್ತು: 7 ಪುಟಗಳ ಉತ್ತರ, 57 ಸೆಷನ್‌ಗಳ ವಿವರ, ಸ್ಕ್ರೀನ್‌ಶಾಟ್‌ಗಳು, ಕರೆಯ ಟಿಪ್ಪಣಿ